ಅಪ್‌ಡೇಟ್ ಆದ ಮೇಲೆ ಫೋನ್ ನಿಧಾನವೇ?



ಕುಂದಾಪುರದ ಶಾಸ್ತ್ರಿ ವೃತ್ತದ ಆಸುಪಾಸಿನ ಯಾವುದೇ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಒಂದು ದೂರು ಕಿವಿಗೆ ಬಿದ್ದೇ ಬೀಳುತ್ತದೆ. "ಹ್ವಾಯ್, ಅಪ್‌ಡೇಟ್ ಕೊಟ್ಟ್ ಮೇಲೆ ಈ ಫೋನ್ ಮುಂದೆ ಹೋತಿಲ್ಲೆ ಕಾಣಿ" ಎನ್ನುತ್ತಾರೆ ಒಬ್ಬರು. ಪಕ್ಕದಲ್ಲಿದ್ದವರು, "ಕೊಡ್ದೆ ಇದ್ರೆ ಬ್ಯಾಂಕಿನ ಆ್ಯಪ್ ಓಪನ್ನೇ ಆತಿಲ್ಲೆ, ಎಂತ ಮಾಡುದ್?" ಎನ್ನುತ್ತಾರೆ. ಜಗತ್ತಿನ ದೊಡ್ಡ ದೊಡ್ಡ ನ್ಯಾಯಾಲಯಗಳಲ್ಲಿ ಕೋಟಿಗಟ್ಟಲೆ ಹಣ ಖರ್ಚು ಮಾಡಿ ನಡೆದ ವಾದವೂ ಹೆಚ್ಚುಕಡಿಮೆ ಈ ಎರಡು ಮಾತುಗಳದ್ದೇ.

ತಯಾರಕರು ಬೇಕೆಂದೇ ಹಳೆಯ ಫೋನನ್ನು ಕೆಡಿಸುತ್ತಾರೆಯೇ? ಅಥವಾ ವಯಸ್ಸಾದ ಯಂತ್ರದ ಸಹಜ ಆಯಾಸವನ್ನು ಜನ ತಪ್ಪಾಗಿ ಅಪ್‌ಡೇಟಿನ ತಲೆಗೆ ಕಟ್ಟುತ್ತಾರೆಯೇ? ಉತ್ತರ ಹುಡುಕುವ ಮೊದಲು ಈ ಭಾಗದ ಒಂದು ವಿಶೇಷವನ್ನು ನೆನಪಿಡಬೇಕು.

ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳಲ್ಲಿ ಬೆಂಗಳೂರಿನ ಬೇಕರಿಯಲ್ಲೋ ಮುಂಬಯಿಯ ಹೋಟೆಲಿನಲ್ಲೋ ಒಬ್ಬರಾದರೂ ದುಡಿಯದ ಮನೆಗಳು ಕಡಿಮೆ. ಚೌತಿಗೋ ಊರ ಹಬ್ಬಕ್ಕೋ ಮನೆಗೆ ಬಂದ ಮಗ ತಾನು ಹೊಸ ಫೋನ್ ಕೊಂಡಿದ್ದರೆ ಹಳೆಯದನ್ನು ಅಮ್ಮನ ಕೈಗೆ ಕೊಟ್ಟು ಹೋಗುತ್ತಾನೆ. ಅಮ್ಮನ ಕೈ ಸೇರುವಾಗಲೇ ಆ ಫೋನಿಗೆ ಮೂರೋ ನಾಲ್ಕೋ ವರ್ಷ ತುಂಬಿರುತ್ತದೆ. ಅದೇ ಫೋನಿಗೆ ಬ್ಯಾಂಕಿನ ಓಟಿಪಿ ಬರಬೇಕು, ಮಗ ಕಳಿಸಿದ ಹಣ ಬರಬೇಕು, ಮಂದಾರ್ತಿ ಮೇಳದ ಆಟ ಇವತ್ತು ಎಲ್ಲಿ ಎಂಬ ಕರಪತ್ರ ಬರಬೇಕು. ಗಂಗೊಳ್ಳಿಯ ಮೀನುಗಾರರಿಗಾದರೆ ಸಮುದ್ರಕ್ಕೆ ಇಳಿಯಬಾರದೆಂಬ ಹವಾಮಾನ ಎಚ್ಚರಿಕೆಯೂ ಅದರಲ್ಲೇ ಬರಬೇಕು. ಆದ್ದರಿಂದ ಫೋನಿನ ನಿಧಾನವನ್ನು ಇಲ್ಲಿ ಶೋಕಿಯವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಈಗ ಸಂಶಯದ ಚರಿತ್ರೆಗೆ ಬರೋಣ. 2014ರ ಜುಲೈನಲ್ಲಿ ಭಾರತೀಯ ಮೂಲದ ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಕುತೂಹಲದ ಸಂಗತಿಯನ್ನು ಬರೆದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಲಾರಾ ಟ್ರುಕ್ಕೊ, ‘ಐಫೋನ್ ನಿಧಾನ’ ಎಂದು ಗೂಗಲ್‌ನಲ್ಲಿ ಹುಡುಕಿದವರ ಪ್ರಮಾಣ ಕಾಲಕ್ರಮದಲ್ಲಿ ಹೇಗೆ ಏರಿಳಿದಿದೆ ಎಂದು ನೋಡಿದ್ದರು. ಹೊಸ ಐಫೋನ್ ಬಿಡುಗಡೆಯಾದಾಗಲೆಲ್ಲ ಆ ಗೆರೆ ಥಟ್ಟನೆ ಮೇಲೇರಿತ್ತು. ಸ್ಯಾಮ್‌ಸಂಗ್ ಗ್ಯಾಲಕ್ಸಿಯ ವಿಷಯದಲ್ಲಿ ಹಾಗೆ ಏರಿರಲಿಲ್ಲ. ಇದರಿಂದ ಕಂಪನಿಯ ದುರುದ್ದೇಶವೇನೂ ಸಾಬೀತಾಗದು ಎಂದು ಮುಲ್ಲೈನಾಥನ್ ಆಗಲೇ ಎಚ್ಚರಿಸಿದ್ದರು. ಆ್ಯಪಲ್ ಹೊಸ ಫೋನಿನ ಜೊತೆಗೇ ಹೊಸ ತಂತ್ರಾಂಶವನ್ನೂ ಬಿಡುಗಡೆ ಮಾಡುತ್ತದೆ. ಹಳೆಯ ಫೋನುಗಳು ಅದೇ ವಾರ ಆ ತಂತ್ರಾಂಶವನ್ನು ಹಾಕಿಕೊಂಡು ಏದುಸಿರು ಬಿಡುತ್ತಿರಬಹುದು. ಅಂಗಡಿಯ ಗಾಜಿನಾಚೆ ಹೊಸದನ್ನು ಕಂಡವರಿಗೆ ಕೈಯಲ್ಲಿರುವುದು ಮಂದವೆನಿಸುವುದೂ ಮನುಷ್ಯ ಸಹಜವೇ.

ಮೂರು ವರ್ಷದ ನಂತರ ಸಂಶಯಕ್ಕೆ ಗಟ್ಟಿ ಆಧಾರ ದೊರೆಯಿತು. 2016ರ ಕೊನೆಯ ಹೊತ್ತಿಗೆ ಐಫೋನ್ 6 ಮತ್ತು 6ಎಸ್‌ಗಳು ಚಾರ್ಜ್ ಉಳಿದಿದ್ದರೂ ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದವು. ಹಳೆಯ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದೆ ಸೋಲುತ್ತಿತ್ತು. 2017ರ ಜನವರಿಯ 10.2.1 ಎಂಬ ಅಪ್‌ಡೇಟಿನ ನಂತರ ಈ ತೊಂದರೆ ಬಹಳಮಟ್ಟಿಗೆ ನಿಂತಿತು. ಹೇಗೆ ನಿಂತಿತೆಂದು ಯಾರೂ ವಿಚಾರಿಸಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಳಕೆದಾರರೊಬ್ಬರು ತಮ್ಮ ಮಂದವಾದ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದರು. ಫೋನಿನ ವೇಗ ಒಮ್ಮೆಲೇ ಮರಳಿತು. ವೇಗ ಅಳೆಯುವ ತಂತ್ರಾಂಶ ತಯಾರಿಸುವ ಜಾನ್ ಪೂಲ್ ಎಂಬುವರು ತಮ್ಮಲ್ಲಿದ್ದ ಅಂಕಿಅಂಶಗಳನ್ನು ತೆಗೆದು ನೋಡಿದಾಗ ಅಪ್‌ಡೇಟಿಗೆ ಮೊದಲು ಒಂದೇ ವೇಗದಲ್ಲಿದ್ದ ಫೋನುಗಳು ನಂತರ ಹಲವು ಮೆಟ್ಟಿಲುಗಳಾಗಿ ಕೆಳಗಿಳಿದಿರುವುದು ಕಂಡಿತು. ಡಿಸೆಂಬರ್ 20ರಂದು ಆ್ಯಪಲ್ ಒಪ್ಪಿಕೊಂಡಿತು: ಬ್ಯಾಟರಿ ಹಳತಾದ ಫೋನುಗಳ ವೇಗವನ್ನು ತಂತ್ರಾಂಶವೇ ಕಡಿಮೆ ಮಾಡುತ್ತಿತ್ತು, ಫೋನ್ ನಡುವೆ ಆಫ್ ಆಗದಿರಲೆಂದು.

ವೈದ್ಯರು ಕೊಟ್ಟ ಮದ್ದು ಸರಿಯೇ ಇದ್ದಿರಬಹುದು. ಆದರೆ ರೋಗಿಗೆ ರೋಗವನ್ನೇ ಹೇಳದೆ ಮದ್ದು ಕೊಟ್ಟದ್ದು ತಪ್ಪು. ಎರಡು ಸಾವಿರ ರೂಪಾಯಿಯ ಬ್ಯಾಟರಿ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಎಷ್ಟೋ ಮಂದಿ ಐವತ್ತು ಅರವತ್ತು ಸಾವಿರದ ಹೊಸ ಫೋನ್ ಕೊಂಡರು. ಎರಡು ಸಾವಿರವೆಂಬುದು ಬಾಯಿಮಾತಿಗೆ ಹೇಳಿದ್ದಲ್ಲ. ಡಿಸೆಂಬರ್ 28ರಂದು ಕ್ಷಮೆ ಕೇಳಿದ ಕಂಪನಿ ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ, ಭಾರತದಲ್ಲಿ ತೆರಿಗೆ ಬಿಟ್ಟು ಸುಮಾರು 6,500 ರೂಪಾಯಿಯಿಂದ 2,000ಕ್ಕೆ ಇಳಿಸಿತು. 2018ರ ಮಾರ್ಚ್‌ನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವೊಂದನ್ನು ಫೋನಿನೊಳಗೇ ಸೇರಿಸಿತು. ಫ್ರಾನ್ಸ್ 2020ರ ಫೆಬ್ರವರಿಯಲ್ಲಿ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ದಂಡ ಬಿದ್ದದ್ದು ವೇಗ ಇಳಿಸಿದ್ದಕ್ಕಲ್ಲ, ಗ್ರಾಹಕರಿಗೆ ಹೇಳದೆ ಇದ್ದದ್ದಕ್ಕೆ ಎಂಬುದು ಗಮನಾರ್ಹ.

ಇಷ್ಟರಿಂದಲೇ ಎಲ್ಲ ಅಪ್‌ಡೇಟುಗಳೂ ಮೋಸವೆಂದು ತೀರ್ಮಾನಿಸಿದರೆ ಅವಸರವಾಗುತ್ತದೆ. ಬ್ಯಾಟರಿಯ ಗುಟ್ಟು ಹೊರಬೀಳುವ ಎರಡು ತಿಂಗಳ ಹಿಂದಷ್ಟೇ ಫ್ಯೂಚರ್‌ಮಾರ್ಕ್ ಎಂಬ ಇನ್ನೊಂದು ಕಂಪನಿ ಹಲವು ಮಾದರಿಯ ಐಫೋನುಗಳ ಅಂಕಿಅಂಶ ಪರಿಶೀಲಿಸಿ, ತಂತ್ರಾಂಶದ ಆವೃತ್ತಿ ಬದಲಾದರೂ ಸರಾಸರಿ ವೇಗದಲ್ಲಿ ಹೇಳಿಕೊಳ್ಳುವಂಥ ಇಳಿಕೆಯಿಲ್ಲ ಎಂದಿತ್ತು. ಎರಡೂ ಪರೀಕ್ಷೆ ಸುಳ್ಳಲ್ಲ. ಸರಾಸರಿಯಲ್ಲಿ ಹೊಸ ಬ್ಯಾಟರಿಯ ಫೋನುಗಳೂ ಸೇರಿರುತ್ತವೆ, ಬಳಲಿದ ಫೋನಿನ ಸಂಕಟ ಅದರಲ್ಲಿ ಮುಚ್ಚಿಹೋಗುತ್ತದೆ.

ಹಾಗಾದರೆ ಮೋಸವಿಲ್ಲದೆಯೂ ಫೋನ್ ನಿಧಾನವಾಗುವುದು ಹೇಗೆ? ಇದರಲ್ಲಿ ತಾತ್ಕಾಲಿಕವಾದ ಒಂದು ಭಾಗವಿದೆ. ಅಪ್‌ಡೇಟ್ ಮುಗಿದ ಮೇಲೂ ಒಂದೆರಡು ದಿನ ಫೋನ್ ಒಳಗೊಳಗೇ ದುಡಿಯುತ್ತಿರುತ್ತದೆ. ಇರುವ ಆ್ಯಪ್‌ಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳುತ್ತದೆ, ಸಾವಿರಾರು ಫೋಟೋಗಳ ಸೂಚಿ ಮತ್ತೆ ಬರೆಯುತ್ತದೆ. ಆಗ ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ದೂರುಗಳಲ್ಲಿ ದೊಡ್ಡ ಪಾಲು ಈ ಎರಡು ದಿನದ್ದು. ಮನೆ ಗುಡಿಸುವಾಗ ಧೂಳೇಳುತ್ತಿದೆ ಎಂದು ಗುಡಿಸುವುದನ್ನೇ ಬಯ್ದ ಹಾಗೆ.

ಶಾಶ್ವತವಾದ ಭಾಗ ಬೇರೆ. ಹಂಚಿನ ಮಾಡಿನ ಭಾರಕ್ಕೆಂದು ಕಟ್ಟಿದ ಹಳೆಯ ಕೆಂಪುಕಲ್ಲಿನ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಲು ಹೊರಟರೆ ಮೇಸ್ತ್ರಿ ಬೇಡವೆನ್ನುತ್ತಾನೆ. ಫೋನಿಗೆ ಹಾಗೆ ಹೇಳುವ ಮೇಸ್ತ್ರಿಯಿಲ್ಲ. ಎರಡು ಜಿಬಿ ಸ್ಮರಣೆಯ ಯಂತ್ರದ ಮೇಲೆ ಎಂಟು ಜಿಬಿ ಯಂತ್ರವನ್ನು ಕಣ್ಣಮುಂದಿಟ್ಟು ಬರೆದ ತಂತ್ರಾಂಶ ಬಂದು ಕೂರುತ್ತದೆ. ತಂತ್ರಾಂಶ ಭಾರವಾಗುವ ವೇಗ ಯಂತ್ರಗಳು ಚುರುಕಾಗುವ ವೇಗವನ್ನೂ ಮೀರಿಸುತ್ತಿದೆ ಎಂದು ಸ್ವಿಟ್ಜರ್‌ಲೆಂಡಿನ ಗಣಕ ವಿಜ್ಞಾನಿ ನಿಕ್ಲಾಸ್ ವಿರ್ತ್ ಬರೆದದ್ದು 1995ರಲ್ಲಿ, ಸ್ಮಾರ್ಟ್‌ಫೋನ್ ಇಲ್ಲದ ಕಾಲದಲ್ಲಿ. ಇಟಲಿಯ ಪ್ರಾಧಿಕಾರ 2018ರ ಅಕ್ಟೋಬರ್‌ನಲ್ಲಿ ಆ್ಯಪಲ್‌ಗೆ ಒಂದು ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿದ್ದು ಇಂಥದ್ದೇ ಕಾರಣಕ್ಕೆ. ಹೊಸ ಮಾದರಿಗೆಂದು ರೂಪಿಸಿದ ತಂತ್ರಾಂಶವನ್ನು ಗ್ಯಾಲಕ್ಸಿ ನೋಟ್ 4ರಂಥ ಹಳೆಯ ಫೋನಿನವರಿಗೂ ಹಾಕಿಕೊಳ್ಳಿರೆಂದು ಒತ್ತಾಯಿಸಿದ್ದರು, ಆಗಬಹುದಾದ ತೊಂದರೆ ತಿಳಿಸಿರಲಿಲ್ಲ. ಇದರ ಜೊತೆಗೆ ತುಂಬಿ ತುಳುಕುವ ಸಂಗ್ರಹವಿದೆ. ಗುಡ್ ಮಾರ್ನಿಂಗ್ ಚಿತ್ರಗಳಿಂದಲೇ ಅರ್ಧ ಜಾಗ ಭರ್ತಿಯಾದ ಫೋನಿಗೆ ಯಾವ ಅಪ್‌ಡೇಟ್ ಬಂದರೂ ಉಸಿರುಗಟ್ಟುತ್ತದೆ. ಬ್ಯಾಟರಿಗೆ ಸೆಖೆಯೂ ಶತ್ರು. ಏಪ್ರಿಲ್ ತಿಂಗಳ ಬಿಸಿಲಲ್ಲಿ ದೋಣಿಯಲ್ಲೋ ಬೈಕಿನ ಡಬ್ಬಿಯಲ್ಲೋ ಇಟ್ಟ ಫೋನಿನ ಬ್ಯಾಟರಿ ಮನೆಯೊಳಗೆ ಇರುವುದಕ್ಕಿಂತ ಬೇಗ ಮುಪ್ಪಾಗುತ್ತದೆ.

ಇನ್ನೊಂದು ಪಕ್ಷದ ವಾದವೂ ಹಗುರವಲ್ಲ, ಕನ್ನಡಿಗರಿಗಂತೂ ಅಲ್ಲವೇ ಅಲ್ಲ. ಆಂಡ್ರಾಯ್ಡ್ ಫೋನುಗಳು ಮೊದಲು ಬಂದಾಗ ಕನ್ನಡದ ಸಂದೇಶ ಬಂದರೆ ಪರದೆಯ ಮೇಲೆ ಸಾಲುಸಾಲು ಚೌಕಗಳಷ್ಟೇ ಕಾಣುತ್ತಿದ್ದವು. ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಅಧಿಕೃತ ಬೆಂಬಲ ದೊರೆತದ್ದು 2012ರ 4.1ನೇ ಆವೃತ್ತಿಯಲ್ಲಿ. ಎಂದರೆ ಈ ಫೋನಿಗೆ ಕನ್ನಡವೇ ಅಪ್‌ಡೇಟಾಗಿ ಬಂತು! ಇಂದು ಕುಂದಾಪ್ರ ಕನ್ನಡದಲ್ಲಿ ಹಾಸ್ಯ ಚುಟುಕ ಬರೆದು ಹಂಚುವವರು ಆ ಋಣವನ್ನು ನೆನೆಯಬೇಕು. ಆದರೆ ಲಿಪಿಯ ಕತೆಯಲ್ಲಿಯೂ ಮುಳ್ಳಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದೇ ಒಂದು ಅಕ್ಷರ ಸಂದೇಶವಾಗಿ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಆಗ ಚಾಲ್ತಿಯಲ್ಲಿದ್ದ 11ನೇ ಆವೃತ್ತಿಯ ದೋಷ ಅದು. ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿದ್ದೂ ಒಂದು ಅಪ್‌ಡೇಟೇ.

ಕಳ್ಳಕಾಕರ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬಹಳ ಹೇಳಬೇಕಿಲ್ಲ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪಿಡುಗು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಾಗಿಲನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಫೋನಿನಲ್ಲಿ ಬ್ಯಾಂಕನ್ನೇ ಇಟ್ಟುಕೊಂಡವರು ಅಪ್‌ಡೇಟ್ ಬೇಡವೆಂದು ಕೂರುವುದು ಕದ ತೆರೆದಿಟ್ಟು ಮಲಗಿದಂತೆಯೇ.

ನಿಜವಾದ ಇಕ್ಕಟ್ಟು ಇಲ್ಲಿದೆ. ಹಾಕಿಕೊಂಡರೆ ಫೋನ್ ತೆವಳುತ್ತದೆ, ಬಿಟ್ಟರೆ ಹೊರಗುಳಿಯಬೇಕಾಗುತ್ತದೆ. 2025ರ ಆರಂಭದಿಂದ ವಾಟ್ಸಾಪ್ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳಲ್ಲಿ ನಿಂತಿತು. ಸರಕಾರಿ ಕೆಲಸವೂ ಈ ಇಕ್ಕಟ್ಟಿಗೆ ಹೊರತಲ್ಲ. 2021ರ ಆಗಸ್ಟ್‌ನಲ್ಲಿ ನೆರೆಯ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ತಮಗೆ ಕೊಟ್ಟಿದ್ದ ಫೋನುಗಳನ್ನು ಮರಳಿಸಿ ಪ್ರತಿಭಟಿಸಿದರು. ಫೋನಿನ ಶಕ್ತಿ ಸಣ್ಣದು, ಪೋಷಣ್ ಟ್ರ್ಯಾಕರ್ ಆ್ಯಪ್ ದೊಡ್ಡದು, ಅದೂ ಅವರ ಮರಾಠಿಯಲ್ಲಿ ಇರಲಿಲ್ಲ. ಫೋನ್ ಕೊಟ್ಟವರೂ ಸರಕಾರ, ಆ್ಯಪ್ ಕೊಟ್ಟವರೂ ಸರಕಾರ. ನಡುವೆ ನಿಂತು ಬಯ್ಗಳ ತಿಂದವಳು ಮಾತ್ರ ಕಾರ್ಯಕರ್ತೆ.

ಕೋಟ, ಸಾಲಿಗ್ರಾಮದ ಕಡೆ ಕಾಲಮಿತಿಯ ಯಕ್ಷಗಾನ ಬಂದಾಗಲೂ ಇಂಥದ್ದೇ ಚರ್ಚೆ ಎದ್ದಿತ್ತು. ಇಡೀ ರಾತ್ರಿಯ ಆಟ ಮಧ್ಯರಾತ್ರಿಯ ಹೊತ್ತಿಗೆ ಮುಗಿದರೆ ರಸ ಉಳಿದೀತೇ ಎಂದು ಹಿರಿಯರು, ಮರುದಿನ ಕೆಲಸಕ್ಕೆ ಹೋಗುವವರು ನೋಡುವುದು ಬೇಡವೇ ಎಂದು ಕಿರಿಯರು ವಾದಿಸಿದರು. ವಾದ ಹಾಗೇ ಇರಲಿ. ಅಲ್ಲಿ ಏನು ಬಿಟ್ಟರು, ಏನು ಸೇರಿಸಿದರು ಎಂಬುದು ಪ್ರೇಕ್ಷಕನ ಕಣ್ಣೆದುರೇ ನಡೆಯುತ್ತದೆ, ಬೇಕಾದವರು ಹರಕೆಯ ಮೇಳದ ರಾತ್ರಿಯಿಡೀ ಆಟಕ್ಕೆ ಹೋಗುತ್ತಾರೆ. ಫೋನಿನ ಬದಲಾವಣೆ ಮಾತ್ರ ಮಾಲೀಕ ಮಲಗಿದ್ದಾಗ ನಡೆಯುತ್ತದೆ. ಹಳೆಯದಕ್ಕೆ ಮರಳುವ ದಾರಿಯೂ ಸಾಮಾನ್ಯವಾಗಿ ಇಲ್ಲ. ಐಫೋನಿನಲ್ಲಿ ಹೊಸ ಆವೃತ್ತಿ ಬಂದ ಸ್ವಲ್ಪ ದಿನಕ್ಕೆ ಹಳೆಯದನ್ನು ಹಾಕಲು ಕಂಪನಿ ಅನುಮತಿ ನಿಲ್ಲಿಸುತ್ತದೆ. 2025ರ ಜನವರಿಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿಯೇ ಸೇರಿಕೊಳ್ಳುವ ಅಪ್‌ಡೇಟ್ ಕಳಿಸಿತು. ಅದರಿಂದ ಕೆಲವು ಫೋನುಗಳ ಬ್ಯಾಟರಿ ಮೊದಲಿನಷ್ಟು ಚಾರ್ಜ್ ಹಿಡಿಯದಂತಾಯಿತು. ಈ ಸಲ ಕಂಪನಿ ಮೊದಲೇ ತಿಳಿಸಿತ್ತು, ಬ್ಯಾಟರಿ ಬದಲಾವಣೆ ಅಥವಾ ಪರಿಹಾರದ ಆಯ್ಕೆಯನ್ನೂ ಕೊಟ್ಟಿತ್ತು. 2017ರ ಪಾಠ ಅಷ್ಟಾದರೂ ನಾಟಿತ್ತು ಎನ್ನಬೇಕು.

ಅದೇ ತಿಂಗಳು ವಿಷಯ ದೆಹಲಿಗೂ ಮುಟ್ಟಿತು. ಐಫೋನಿನ 18ನೇ ಆವೃತ್ತಿಯ ತಂತ್ರಾಂಶ ಹಾಕಿಕೊಂಡ ಮೇಲೆ ತೊಂದರೆಯಾಗುತ್ತಿದೆ ಎಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರುಗಳು ಬಂದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ್ಯಪಲ್‌ಗೆ ನೋಟಿಸ್ ನೀಡಿತು. ಅದನ್ನು ಪ್ರಕಟಿಸಿದವರು ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಹ್ಲಾದ ಜೋಶಿ. ಅದೇ ಸಹಾಯವಾಣಿಗೆ ಬೈಂದೂರಿನಿಂದಲೂ 1915 ಸಂಖ್ಯೆಗೆ ಕರೆ ಮಾಡಬಹುದು. ರಿಪೇರಿ ಅಂಗಡಿಯವರ ಹತ್ತಿರ ಹೇಳಿಕೊಂಡ ದೂರು ಅಂಗಡಿಯಲ್ಲೇ ಉಳಿಯುತ್ತದೆ, ಅಲ್ಲಿ ಹೇಳಿದ್ದು ಲೆಕ್ಕಕ್ಕೆ ಸೇರುತ್ತದೆ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮ ಒಂದು ಹೆಜ್ಜೆ ಮುಂದಿದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಅಪ್‌ಡೇಟ್ ಒದಗಿಸಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ. 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು. ಭಾರತದಲ್ಲಿ ಫೋನುಗಳಿಗೆ ‘ರಿಪೇರಿ ಸೂಚ್ಯಂಕ’ ಇರಬೇಕೆಂದು ತಜ್ಞರ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಬಿಡಿಭಾಗ ಸಿಗುತ್ತದೆಯೇ, ಬಿಚ್ಚಲು ಸುಲಭವೇ ಎಂಬುದರ ಜೊತೆಗೆ ತಂತ್ರಾಂಶದ ಅಪ್‌ಡೇಟನ್ನೂ ಸಮಿತಿ ಅಳತೆಗೋಲುಗಳಲ್ಲಿ ಸೇರಿಸಿದೆ.

ಆ ಸೂಚ್ಯಂಕದಿಂದ ಅಂಗಡಿಯಲ್ಲಿ ಹೊಸ ಫೋನ್ ಕೊಳ್ಳುವ ಮಗನಿಗಿಂತ ನಾಲ್ಕು ವರ್ಷದ ನಂತರ ಅದನ್ನು ಕೈಗೆತ್ತಿಕೊಳ್ಳುವ ಅಮ್ಮನಿಗೇ ಹೆಚ್ಚು ಪ್ರಯೋಜನ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವಾಗ, ಸುರಕ್ಷತೆಯ ಅಪ್‌ಡೇಟ್ ಯಾವ ವರ್ಷದವರೆಗೆ ಎಂದೂ ಕೇಳಿದರೆ ಅಂಗಡಿಯವನು ಮೊದಲು ತಲೆ ಕೆರೆದುಕೊಂಡಾನು. ಹತ್ತು ಮಂದಿ ಕೇಳಿದ ಮೇಲೆ ಕಂಪನಿಯವರನ್ನು ವಿಚಾರಿಸಿಟ್ಟುಕೊಂಡಾನು. ಅಲ್ಲಿಯವರೆಗೆ, ತೆವಳುವ ಹಳೆಯ ಫೋನನ್ನು ಮೂಲೆಗೆ ಎಸೆಯುವ ಮುನ್ನ ಎರಡು ದಿನ ಕಾದು, ಚಿತ್ರಗಳನ್ನು ಅಳಿಸಿ ಜಾಗ ಮಾಡಿ, ಆಮೇಲೂ ಸರಿಹೋಗದಿದ್ದರೆ ಒಂದು ಒಳ್ಳೆಯ ಬ್ಯಾಟರಿ ಹಾಕಿಸಿ ನೋಡಬಹುದು.