ಶಸ್ತ್ರಚಿಕಿತ್ಸೆಗೆ ಮುನ್ನ ನಿಮ್ಮ ಹೆಸರನ್ನು ನೀವೇ ಹೇಳಿರಿ



ಒಂದೇ ದಿನ ಆಸ್ಪತ್ರೆಗೆ ಇಬ್ಬರು ಲಕ್ಷ್ಮಮ್ಮನವರು ಬಂದಿರಬಹುದು. ಒಬ್ಬರಿಗೆ ಸಂತಾನಶಕ್ತಿಹರಣ ಚಿಕಿತ್ಸೆ, ಇನ್ನೊಬ್ಬರಿಗೆ ಬಲಗಡೆಯ ಹರ್ನಿಯಾ. "ಲಕ್ಷ್ಮಮ್ಮ ಯಾರು?" ಎಂದೊಡನೆ ಎದ್ದು ಹೋದರೆ ಪ್ರಮಾದವಾದೀತು. ಅಂಡನಾಳಗಳನ್ನು ಕತ್ತರಿಸಿ ಕಟ್ಟಿದ ಮೇಲೆ ಮರಳಿ ಜೋಡಿಸುವುದು ಕಷ್ಟ. ಜೋಡಿಸಿದರೂ ಗರ್ಭ ನಿಲ್ಲುವ ಭರವಸೆಯಿಲ್ಲ.

ಆದುದರಿಂದ ನಿಮ್ಮ ಹೆಸರು, ವಯಸ್ಸು, ಊರು, ಆಗಬೇಕಾದ ಚಿಕಿತ್ಸೆ ಇವನ್ನು ನೀವೇ ಬಾಯಿಬಿಟ್ಟು ಹೇಳಿರಿ. ಸಂಗಡ ಬಂದ ಪತಿಯೂ ಚೀಟಿಯನ್ನು ತಾಳೆ ನೋಡಲಿ. ಒಪ್ಪಿಗೆಪತ್ರವನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಹಾಕಿರಿ. ಎಡ-ಬಲಗಳ ಭೇದವಿರುವಲ್ಲಿ, ಎಚ್ಚರವಿರುವಾಗಲೇ ವೈದ್ಯರಿಂದ ಗುರುತು ಹಾಕಿಸಿಕೊಳ್ಳಿರಿ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸಾ ಸುರಕ್ಷತೆಯ ಪಟ್ಟಿಯೂ ಅರಿವಳಿಕೆಗೆ ಮುನ್ನ ರೋಗಿಯ ಗುರುತು, ಅಂಗದ ಭಾಗ, ಚಿಕಿತ್ಸೆ, ಒಪ್ಪಿಗೆಗಳನ್ನು ಖಚಿತಪಡಿಸಿಕೊಳ್ಳಬೇಕೆನ್ನುತ್ತದೆ. ಮತ್ತೆ ಮತ್ತೆ ಕೇಳಿದರೆ ಬೇಸರಿಸದಿರಿ. ಆ ಪ್ರಶ್ನೆಯೇ ನಿಮಗೆ ರಕ್ಷೆ.