ಪ್ರತಿ ಬೇಸಿಗೆ ಖಾಲಿಯಾಗುವ ತಂಪು


ಬೇಮಳಖೇಡದ ಕೆಮ್ಮಣ್ಣಿನ ದಾರಿಯಲ್ಲಿ ಓಡಾಡುವ ಕಾರಿನ ಏಸಿ ತಂಪು ನೀಡದಿದ್ದರೆ ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿ’ ಎನ್ನುವುದು ರೂಢಿ. ಆದರೆ ಈ ಅನಿಲ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ವರ್ಷಗಳಲ್ಲಿ ತುಸು ಜಿನುಗುವುದು ಸಹಜ. ಪ್ರತಿ ಬೇಸಿಗೆ ತುಂಬಿಸಬೇಕಾದರೆ ಎಲ್ಲೋ ಸೋರಿಕೆಯಿದೆಯೆಂದೇ ಅರ್ಥ.

ಅದರ ಗುರುತನ್ನು ಧೂಳೇ ತೋರಿಸುತ್ತದೆ. ಅನಿಲದೊಡನೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಸೋರುವೆಡೆಯಲ್ಲಿ ಕೆಂಧೂಳು ಜಿಡ್ಡಾಗಿ ಅಂಟಿಕೊಂಡಿರುತ್ತದೆ. ಮುಂಭಾಗದಲ್ಲಿ ಕಲ್ಲೇಟಿಗೆ ಸಿಕ್ಕುವ ಕಂಡೆನ್ಸರ್, ಕೊಳವೆಯ ಜೋಡಣೆಗಳು, ಅನಿಲ ತುಂಬುವ ವಾಲ್ವು, ಕಂಪ್ರೆಸರಿನ ಸೀಲು ಇವನ್ನು ಮೊದಲು ನೋಡಬೇಕು. ಎಂಜಿನ್ ನಿಲ್ಲಿಸಿ ಸಾಬೂನು ನೀರು ಹಚ್ಚಿದರೆ ದೊಡ್ಡ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಸಣ್ಣದಕ್ಕೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣವೋ ಎಲೆಕ್ಟ್ರಾನಿಕ್ ಶೋಧಕವೋ ಬೇಕು. ಅನಿಲ ಗಾಳಿಗಿಂತ ಭಾರವಾದುದರಿಂದ ಶೋಧಕವನ್ನು ಜೋಡಣೆಯ ಕೆಳಬದಿಯಲ್ಲಿ ಹಿಡಿಯಬೇಕು. ಕಾರಿನಡಿ ತೊಟ್ಟಿಕ್ಕುವ ನೀರನ್ನು ಕಂಡು ಗಾಬರಿಗೊಳ್ಳುವವರುಂಟು. ಅದು ಗಾಳಿಯಲ್ಲಿದ್ದ ತೇವವಷ್ಟೆ.

1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಓಝೋನಿಗೆ ಕಂಟಕವಾಗಿದ್ದ ಆರ್-12 ತೊಲಗಿ, ಆರ್-134ಎ ಬಂದಿತು. ಇದು ಓಝೋನನ್ನು ಕೆಡಿಸದು. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ, 100 ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,300 ಪಟ್ಟು ಪ್ರಬಲ. ಅರ್ಧ ಕಿಲೋ ಸೋರಿಹೋದರೆ ಸುಮಾರು 280 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಮಳೆಯನ್ನೇ ನಂಬಿದ ತೊಗರಿಯ ಸೀಮೆಗೆ ಇದು ದೂರದ ಮಾತಲ್ಲ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಕೊಳವೆ ಬಿಚ್ಚುವ ಮುನ್ನ ಉಳಿದ ಅನಿಲವನ್ನು ಯಂತ್ರದಿಂದ ಹಿಂಪಡೆಯಬೇಕು, ಗಾಳಿಗೆ ಬಿಡಬಾರದು. ದುರಸ್ತಿಯ ಬಳಿಕ ನಿರ್ವಾತಗೊಳಿಸಿ, ಮಾಪಕದ ಮುಳ್ಳು ಅಲುಗದೆ ನಿಂತಿದೆಯೇ ಎಂದು ನೋಡುವ ತನಕ ಹೊಸ ಅನಿಲ ತುಂಬಲು ಮಾಲೀಕರು ಒಪ್ಪಕೂಡದು.