ಕಾಮಿನಿ ಹಿಡಿದದ್ದು ಗಂಡಸನ್ನು

(ಶಹಾಪುರದಲ್ಲಿ ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹರೂಪ)

ದೆವ್ವದ ಸಿನಿಮಾ ಎಂದೊಡನೆ ನಿಮ್ಮ ಮನೆಯ ಹಿರಿಯರಿಗೆ ಮೊದಲು ನೆನಪಾಗುವ ಹೆಸರು ‘ನಾ ನಿನ್ನ ಬಿಡಲಾರೆ’. 1979ರ ಚಿತ್ರ. ನಿರ್ದೇಶನ ವಿಜಯ್, ಸಂಗೀತ ರಾಜನ್-ನಾಗೇಂದ್ರ, ಮುಖ್ಯ ಪಾತ್ರಗಳಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ತೆರೆ ಕಂಡದ್ದು. ಟೀವಿಯಲ್ಲಿ ನೋಡಿದ ರಾತ್ರಿಯೂ ಅಂಗಳಕ್ಕೆ ಒಬ್ಬನೇ ಹೋಗುವ ಧೈರ್ಯ ಬರಲಿಲ್ಲ.

ನಮ್ಮ ಕಡೆಯವರಿಗೆ ಈ ಚಿತ್ರ ಇನ್ನೂ ಹತ್ತಿರದ್ದು. ಕಾಮಿನಿ ಎಂಬ ಪ್ರೇತದ ಕಾಟಕ್ಕೆ ಕೊನೆಗೆ ಆಸರೆಯಾಗುವವರು ಮಂತ್ರಾಲಯದ ರಾಯರು. ಯಾದಗಿರಿಯಲ್ಲಿ ರೈಲು ಹತ್ತಿದರೆ ರಾಯಚೂರು ದಾಟಿ ಮಂತ್ರಾಲಯ ರೋಡ್ ಸ್ಟೇಷನ್. ಬೆಂಗಳೂರಿನವರಿಗೆ ಅದು ದೂರದ ಯಾತ್ರೆ, ನಮಗೆ ಹೋಗಿ ಬರುವ ಊರು. ಹೀಗಾಗಿ ತೆರೆಯ ಮೇಲಿನ ಕಥೆ ಬರೀ ಕಥೆಯಾಗಿ ಉಳಿಯುವುದು ಇಲ್ಲಿ ಕಷ್ಟ.

ಈ ಚಿತ್ರದಲ್ಲಿ ಒಂದು ಸಂಗತಿ ಗಮನಿಸಬೇಕು. ಇದಕ್ಕೆ ಆರು ವರ್ಷ ಮೊದಲು, 1973ರಲ್ಲಿ, ಜಗತ್ತನ್ನೇ ಹೆದರಿಸಿದ ‘ದಿ ಎಕ್ಸಾರ್ಸಿಸ್ಟ್’ನಲ್ಲಿ ದೆವ್ವ ಹೊಕ್ಕದ್ದು ಒಬ್ಬ ಹುಡುಗಿಯ ಮೈಯನ್ನು, ಬಿಡಿಸಲು ಬಂದವರು ಇಬ್ಬರು ಪಾದ್ರಿಗಳು. ಕನ್ನಡ ಚಿತ್ರದಲ್ಲಿ ಇದು ತಿರುವುಮುರುವು. ಕಾಮಿನಿ ಹಿಡಿಯುವುದು ಗಂಡನನ್ನು, ಅವನಿಗಾಗಿ ಸೆಣಸುವವಳು ಹೆಂಡತಿ. ಮೀಸೆ ಹೊತ್ತ ನಾಯಕನೊಬ್ಬ ಹೆಣ್ಣು ಪ್ರೇತವಾಗಿ ನಡೆದುಕೊಳ್ಳುವುದನ್ನು ಅನಂತನಾಗ್ ಕಿಂಚಿತ್ತೂ ನಗೆಪಾಟಲಾಗದಂತೆ ಅಭಿನಯಿಸಿದರು. ನನ್ನ ಮಟ್ಟಿಗೆ ಚಿತ್ರದ ನಿಜವಾದ ಭಯ ಅಲ್ಲೇ ಇದೆ. 1981ರಲ್ಲಿ ಇದು ‘ಮಂಗಳಸೂತ್ರ’ ಎಂದು ಹಿಂದಿಗೆ ಹೋಯಿತು. ನಾಯಕ ಮತ್ತೆ ಅನಂತನಾಗ್, ನಾಯಕಿ ರೇಖಾ.

ಇಪ್ಪತ್ತೈದು ವರ್ಷಗಳ ನಂತರ, 2004ರಲ್ಲಿ, ‘ಆಪ್ತಮಿತ್ರ’ ಬಂತು. ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಸುರಪುರದ ನಾಯಕರ ಅರಮನೆ ಕಂಡವರಿಗೆ ಬೀಗ ಹಾಕಿದ ಹಳೆಯ ಕೋಣೆಯ ಕುತೂಹಲವೇನೂ ಹೊಸದಲ್ಲ. ಆದರೆ ಇಲ್ಲಿ ಬೀಗ ತೆಗೆದರೆ ಒಳಗೆ ದೆವ್ವವಿಲ್ಲ. ಗಂಗಾ ತಾನೇ ನಾಗವಲ್ಲಿ ಎಂದುಕೊಳ್ಳುವುದು ಮನಸ್ಸಿನ ಕಾಯಿಲೆ ಎನ್ನುತ್ತಾರೆ ವಿಷ್ಣುವರ್ಧನ್ ಪಾತ್ರದ ಮನೋವೈದ್ಯರು. ಆ ಗಂಗಾ ಸೌಂದರ್ಯ. ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ ನಟಿಯನ್ನು ಜನ ಆಗಸ್ಟ್‌ನಲ್ಲಿ ಟಾಕೀಸಿನಲ್ಲಿ ನೋಡಿದರು.

ಕಾಮಿನಿಗೂ ನಾಗವಲ್ಲಿಗೂ ನಡುವೆ ರಾಯರ ಜಾಗಕ್ಕೆ ಡಾಕ್ಟರು ಬಂದರು, ಗಂಡನ ಜಾಗಕ್ಕೆ ಹೆಂಡತಿ ಬಂದಳು. ಮೊದಲನೆಯ ಬದಲಾವಣೆಯನ್ನು ಎಲ್ಲರೂ ಮೆಚ್ಚಿದರು, ಎರಡನೆಯದನ್ನು ಯಾರೂ ಅಷ್ಟಾಗಿ ಮಾತಾಡಲಿಲ್ಲ. ಅಂದಹಾಗೆ, ಆ ಡಾಕ್ಟರರೂ ಒಬ್ಬರೇ ಗೆಲ್ಲುವುದಿಲ್ಲ. ಆಚಾರ್ಯರನ್ನು ಜೊತೆಗಿಟ್ಟುಕೊಂಡು, ರಾಜನ ಬೊಂಬೆಯನ್ನು ಅವಳ ಕೈಯಿಂದ ಕೊಲ್ಲಿಸಿದ ಮೇಲೆಯೇ ಗುಣವಾಗುವುದು. ನಾಟಕದ ಮಟ್ಟಿಗೆ ಸೊಗಸು. ಆಸ್ಪತ್ರೆಯಲ್ಲಿ ಹಾಗೆ ನಡೆಯುವುದಿಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವ, ಮಾತ್ರೆ ಕೊಡುವ ತರಬೇತಿ ಶುರುಮಾಡಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿಯೇ. ‘ಆಪ್ತಮಿತ್ರ’ದ ಮನೋವೈದ್ಯರು ತೆರೆಗೆ ಬರುವ ಎಷ್ಟೋ ಮೊದಲೇ ಬಳ್ಳಾರಿಯ ಹಳ್ಳಿಗೆ ಆ ಔಷಧ ಬಂದಿತ್ತು.

ಆದರೂ ವರದಿಗೆಂದು ನಮ್ಮ ಹಳ್ಳಿಗಳಿಗೆ ಹೋದಾಗ ನಾನು ಕೇಳುವ ಮಾತು ಎರಡು ಥರ. ಗಂಡಸು ಬಡಬಡಿಸಿದರೆ ‘ತಲಿ ಕೆಟ್ಟದ, ದವಾಖಾನಿಗಿ ಒಯ್ರಿ’. ಹೆಂಗಸು ಬಡಬಡಿಸಿದರೆ ‘ಗಾಳಿ ಆಗ್ಯಾದ’. ಅಮಾವಾಸ್ಯೆ, ನಿಂಬೆಹಣ್ಣು, ಜಗ್ಗಿದ ಜಡೆ, ಎಲ್ಲ ಅವಳ ಪಾಲಿಗೆ. ಸಿನಿಮಾದವರು ಇದನ್ನು ಹಳ್ಳಿಗೆ ಕಲಿಸಿದರೆನ್ನಲಾರೆ. ಹಳ್ಳಿಯಿಂದ ಎತ್ತಿಕೊಂಡು, ಬಣ್ಣ ಹಚ್ಚಿ, ನಮಗೇ ಟಿಕೆಟಿಗೆ ಮಾರಿದರು.

2012ರಲ್ಲಿ ಉಪೇಂದ್ರರ ‘ಕಲ್ಪನಾ’ ಬಂತು, ತಮಿಳಿನ ‘ಕಾಂಚನ’ದ ರೀಮೇಕು. ಮತ್ತೆ ನಾಯಕನ ಮೈಯಲ್ಲೇ ದೆವ್ವ, ಅದೂ ತೃತೀಯ ಲಿಂಗಿಯೊಬ್ಬರದು. ಸಾಯಿಕುಮಾರ್ ಆ ಪಾತ್ರಕ್ಕೆ ಘನತೆ ತಂದರು. ಆದರೆ ನಾಯಕ ಸೀರೆಯುಟ್ಟು ನಿಂತ ಕೂಡಲೇ ಜನ ನಕ್ಕರು. 1979ರಲ್ಲಿ ಕಾಮಿನಿ ಹೊಕ್ಕ ಅನಂತನಾಗ್ ಅವರನ್ನು ಕಂಡು ನಕ್ಕೆವೆಂದು ನಮ್ಮ ಹಿರಿಯರು ಯಾರೂ ಹೇಳಿದ್ದಿಲ್ಲ.